ಮೊದಲನೇ ಪಂಕ್ತಿ

ನಿಮ್ಮ ಅಜ್ಜನಿಗೆ ಯಾವ ಮದುವೆಗೆ ಹೋದರೂ ಮೊದಲನೇ ಪಂಕ್ತಿಯಲ್ಲೇ ಊಟವಾಗಬೇಕಿತ್ತು. ವಧೂವರರ ಮೇಲೆ ಅಕ್ಕಿಕಾಳು ಬೀಳುವ ಮೊದಲೇ ಹೋಗಿ ಊಟದ ಕುರ್ಚಿಯ ಮೇಲೆ ಟವೆಲ್ ಹಾಸಿ ಬರುತ್ತಿದ್ದರು. ಬಸ್ಸಿನಲ್ಲೂ ಅಷ್ಟೇ, ಕಿಟಕಿಯೊಳಗೆ ಟವೆಲ್ ಒಗೆದು ಸೀಟು ಹಿಡಿಯುವುದು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಮಾಡಿದವರು, ಯಾರ ಹಿಂದೆಯೂ ನಿಂತು ಗೊತ್ತಿಲ್ಲ.

ಅವರಿಗೆ ರಕ್ತದ ಕ್ಯಾನ್ಸರ್ ಆಯಿತು. ಇದ್ದ ಔಷಧಗಳೆಲ್ಲ ನಾಟದೆ ಹೋದವು. ಕೆಟ್ಟ ಕಣವನ್ನಷ್ಟೇ ಹುಡುಕಿ ಕೊಲ್ಲುವ ಹೊಸ ಗುಳಿಗೆಯೊಂದನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡುತ್ತಿದ್ದಾರೆಂದು ತಿಳಿದು ಹಾವೇರಿಯಲ್ಲಿ ರೈಲು ಹತ್ತಿದೆವು. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯವರೊಬ್ಬರು ಹತ್ತಿ ನಮ್ಮೆದುರು ಕುಳಿತರು. ಅದೇ ಕಾಯಿಲೆ, ಅದೇ ಆಸ್ಪತ್ರೆ. ದಾರಿಯುದ್ದಕ್ಕೂ ಇಬ್ಬರೂ ರೇಟು ಮಾತಾಡಿ ನಕ್ಕರು.

ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಮನುಷ್ಯರಿಗೆ ಈಗಷ್ಟೇ ಕೊಡ್ತಾ ಇರೋ ಗುಳಿಗೆ ಇದು. ಮೊದಲ ಗುಂಪಿಗೆ ತುಂಬಾ ಕಡಿಮೆ ಕೊಡ್ತೀವಿ. ಅವರಿಗೆ ತೊಂದರೆ ಆಗದಿದ್ದರೆ ಮುಂದಿನವರಿಗೆ ಹೆಚ್ಚಿಸ್ತೀವಿ. ಯಾರಿಗೆ ಎಷ್ಟರಲ್ಲಿ ಶುರು ಮಾಡ್ತೀವೋ ಅವರಿಗೆ ಕೊನೇವರೆಗೂ ಅಷ್ಟೇ. ದೇಹ ಎಷ್ಟು ತಡೆಯುತ್ತೆ ಅಂತ ನೋಡೋದೇ ಈಗಿನ ಕೆಲಸ. ಗುಣ ಆಗುತ್ತೆ ಅಂತ ನಾನು ಹೇಳೋ ಹಾಗಿಲ್ಲ. ಮೊದಲ ಗುಂಪಲ್ಲಿ ಒಂದೇ ಜಾಗ ಉಳಿದಿದೆ. ಯೋಚನೆ ಮಾಡಿ."

ನಿಮ್ಮ ಅಜ್ಜ ಯೋಚನೆ ಮಾಡಲಿಲ್ಲ. "ಆ ಜಾಗಾ ನಂದು" ಎಂದರು.

"ವಯಸ್ಸಿನ್ಯಾಗ ನಾ ಸಣ್ಣಾವ ಅದೀನ್ರಿ, ನನಗ ಬಿಡ್ರಿ ದಲಾಲರ" ಎಂದರು ಬೀಜದವರು.

"ನೀವು ಬೀಜಾ ಮಾರೋರು, ಕಾಯೋದು ರೂಢಿ ಐತಿ. ಕಾಯ್ರಿ."

"ಆತು, ಮೊದಲನೇ ಪಂಕ್ತಿ ನಿಮ್ಮದ. ನಮಗೂ ಒಂದೀಟು ಉಳಸ್ರಿ ಮತ್ತ."

"ಉಳದ್ರ ಬಳದು ಹಾಕ್ತಾರ ತಗೋರಿ!"

ಹೊರಗೆ ಬಂದ ಮೇಲೆ ನಾನು ಮೆಲ್ಲಗೆ ಹೇಳಿದೆ, "ಮೊದಲನೇದವ್ರಿಗೆ ಕಡಿಮಿ ಅಂದ್ರಲ್ರಿ."

"ಏ, ಸುಮ್ನ ಕುಂದ್ರ. ಪಂಕ್ತಿಗೆ ಬಡಸೋದು ನಿನಗ ಗೊತ್ತು, ಪಂಕ್ತಿ ಹಿಡಿಯೋದು ನನಗ ಗೊತ್ತು." ಬೀಜದವರೂ ಕೇಳಿಸಿಕೊಂಡು ನಕ್ಕರು. ನಾನು ಸೆರಗು ಸರಿಮಾಡಿಕೊಂಡು ಕುಳಿತೆ.

ಗುಳಿಗೆ ಶುರುವಾಯಿತು. ಒಂದು ವಾಂತಿಯಿಲ್ಲ, ತಲೆಸುತ್ತಿಲ್ಲ. ಬ್ಯಾಡಗಿಗೆ ಬಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಕೆಲವು ವಾರಗಳ ಮೇಲೆ ಬೀಜದವರಿಗೆ ಹೆಚ್ಚಿನ ಗುಳಿಗೆ ಕೊಟ್ಟರು. ಅವರಿಗೆ ಬಾಯೆಲ್ಲ ಹುಣ್ಣು, ನೀರೂ ಇಳಿಯದು. "ಎರಡನೇ ಪಂಕ್ತಿಗೆ ಹಳಸಿದ್ದು ಬಡಿಸ್ಯಾರ" ಎಂದು ಫೋನಿನಲ್ಲಿ ಅವರಿಗೇ ಹೇಳಿ ನಕ್ಕರು ನಿಮ್ಮ ಅಜ್ಜ.

ಆಮೇಲೆ ರಕ್ತದ ವರದಿ ಬಂತು. ಬೀಜದವರ ಕೆಟ್ಟ ಕಣಗಳು ಇಳಿದಿದ್ದವು. ನಿಮ್ಮ ಅಜ್ಜನವು ಏರಿದ್ದವು.

"ನನಗೂ ಅಷ್ಟ ಕೊಡ್ರೀ" ಎಂದು ಡಾಕ್ಟರ ಮುಂದೆ ಕೈಮುಗಿದರು. ಅವರು ಹಾಗೆ ಕೈಮುಗಿದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಶುರು ಮಾಡಿದ ಪ್ರಮಾಣ ಬದಲಿಸೋ ಹಾಗಿಲ್ಲ, ಅದು ಈ ಪರೀಕ್ಷೆಯ ನಿಯಮ. ಮೊದಲೇ ಹೇಳಿದ್ದೆ" ಎಂದರು ಡಾಕ್ಟರು. ಸಮಾಧಾನಕ್ಕೆಂದೇ ಇರಬೇಕು, "ನಿಮಗೆ ಏನೂ ಆಗಲಿಲ್ಲ ಅಂತಾನೇ ಅವರಿಗೆ ಧೈರ್ಯವಾಗಿ ಹೆಚ್ಚು ಕೊಟ್ವಿ" ಎಂದೂ ಸೇರಿಸಿದರು.

ತಿರುಗಿ ಬರುವ ರೈಲಿನಲ್ಲಿ ಬೀಜದವರೂ ಇದ್ದರು. ರಾಣೆಬೆನ್ನೂರು ಹತ್ತಿರ ಬರುವವರೆಗೂ ನಿಮ್ಮ ಅಜ್ಜ ಅವರ ಚೀಲವನ್ನೇ ನೋಡುತ್ತಿದ್ದರು. ಕೊನೆಗೆ ಹಲ್ಲು ಕಚ್ಚಿಕೊಂಡು, "ನಿಮ್ಮ ಗುಳಿಗ್ಯಾಗ ನನಗೂ ಒಂದೀಟು ಕೊಡ್ರಿ" ಎಂದರು.

ಬೀಜದವರು ಚೀಲ ಹೆಗಲಿಗೇರಿಸಿ ಎದ್ದು ನಿಂತರು. ಒಡೆದ ತುಟಿಯಲ್ಲೇ ನಕ್ಕರು.

"ಉಳದ್ರ ಬಳದು ಹಾಕ್ತೇನ್ರಿ ದಲಾಲರ."

ಇಳಿದು ಹೋದರು. ಹಾವೇರಿಯವರೆಗೂ ನಿಮ್ಮ ಅಜ್ಜ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದರು. ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡರು. ಆ ಹೆಚ್ಚಿನ ಗುಳಿಗೆ ಕೊಟ್ಟಿದ್ದರೂ ಉಳಿಯುತ್ತಿದ್ದರೋ ಇಲ್ಲವೋ, ಒಬ್ಬೊಬ್ಬರ ಕಾಯಿಲೆ ಒಂದೊಂದು ಥರ ಎಂದರು ಡಾಕ್ಟರು.

ಅವರ ವರ್ಷದ ಪೂಜೆಗೆ ಬೀಜದವರು ಬಂದಿದ್ದರು. ಮೈ ತುಂಬಿಕೊಂಡಿತ್ತು. ಮೊದಲನೇ ಪಂಕ್ತಿಗೆ ಬರ್ರಿ ಎಂದು ನನ್ನ ಮೈದುನ ಕೈಹಿಡಿದು ಕರೆದ. "ಬ್ಯಾಡ್ರಿ, ನಮಗ ಎರಡನೇದ ಒಗ್ಗಿ ಬಂದೈತಿ" ಎಂದು ಅವರು ನಗುತ್ತಾ ಗೋಡೆಗೆ ಒರಗಿ ನಿಂತರು. ಏನೂ ಗೊತ್ತಿಲ್ಲದ ಮೈದುನನೂ ನಕ್ಕ.

ಎರಡನೇ ಪಂಕ್ತಿಗೆ ಬೇರೆಯವರ ಕೈಯಿಂದ ಹುಗ್ಗಿಯ ಬಕೆಟ್ಟು ಇಸಿದುಕೊಂಡು ನಾನೇ ಬಡಿಸಲು ಹೋದೆ. ಆಗಷ್ಟೇ ಒಲೆಯಿಂದ ಇಳಿದದ್ದು, ಹಬೆಯಾಡುತ್ತಿತ್ತು. ಅವರ ಎಲೆಗೆ ಒಂದು ಸೌಟು ಹಾಕಿದೆ. ಇನ್ನೊಂದು ಹಾಕಿದೆ.

"ಸಾಕ್ರಿ ಅಕ್ಕಾರ, ಸಾಕು" ಎಂದು ಎಲೆಗೆ ಎರಡೂ ಕೈ ಅಡ್ಡ ಹಿಡಿದರು.

ನಾನು ಮೂರನೆಯ ಸೌಟನ್ನು ಆ ಕೈಗಳ ಮೇಲೆಯೇ ಬಡಿಸಿದೆ.