ಕೆಳಗಿನ ಹಂತ

ಯಾವ ಸಾಮಾನನ್ನೂ ಬಂದ ಹಾಗೆ ಬಿಡುವುದು ನಮ್ಮ ಬೀದಿಯ ಗಡಿಯಾರ ರಿಪೇರಿಯವರ ಜಾಯಮಾನವಲ್ಲ. ಏಣಿ ತಂದರೆ ಅದಕ್ಕೆ ಇನ್ನೆರಡು ಮೆಟ್ಟಿಲು, ಮೇಜು ತಂದರೆ ಅದರ ಕಾಲಿಗೆ ಗಾಲಿ. ಬಿಟ್ಟರೆ ಬೆಕ್ಕಿಗೂ ಇನ್ನೊಂದು ಬಾಲ ಅಂಟಿಸಿಯಾರೆಂದು ಹೆಂಡತಿ ಅದನ್ನು ಎತ್ತಿಕೊಂಡೇ ಓಡಾಡುತ್ತಾರೆ. ಈಚೆಗೆ ಆಟದ ರಾಕೆಟ್ಟಿನ ಕಿಟ್ ತಂದು, ಇನ್ನಷ್ಟು ಮೇಲೆ ಹೋಗಲೆಂದು ಅದರ ಬುಡಕ್ಕೆ ಇನ್ನೊಂದು ಹಂತ ಕೂಡಿಸಿದರು. ಅವರನ್ನು ಸಾಕಿ ಓದಿಸಿದ ಅಕ್ಕ ಗಾಲಿಕುರ್ಚಿಯಿಂದಲೇ ಕೇಳಿದರು: “ಮೇಲಿನದನ್ನ ತಳ್ಳಿ ಕಳಿಸಿದ ಮೇಲೆ ಕೆಳಗಿನದರ ಗತಿ ಏನೋ?” “ಅದರ ಕೆಲಸ ಮುಗೀತಲ್ಲ ಅಕ್ಕ, ಬಿದ್ದು ಒಡೆದು ಹೋಗುತ್ತೆ.” “ಸರಿ ಬಿಡು,” ಎಂದರು ಅಕ್ಕ. ‘ಒಡೆದು ಹೋಗುತ್ತೆ’ ಎಂದ ತಮ್ಮನ ಬಾಯಿಗೆ ಅಂದು ಊಟ ರುಚಿಸಲಿಲ್ಲ. ಮರುದಿನ ಅಕ್ಕನ ಹರಿದ ಕೊಡೆಯ ಬಟ್ಟೆ ಕತ್ತರಿಸಿ, ಕೆಳಗಿನ ಹಂತಕ್ಕೂ ಪುಟ್ಟ ಪ್ಯಾರಾಚೂಟ್ ಹೊಲಿಯಲು ಕೂತರು. “ಈ ಭಾರಕ್ಕೆ ಅದು ಮೇಲೇಳುತ್ತಾ?” ಎಂದು ಹೆಂಡತಿ ಕಿಚಾಯಿಸಿದರೆ, “ಸ್ವಲ್ಪ ಕಡಿಮೆ ಹೋಗಲಿ ಬಿಡೆ,” ಎಂದರು. ಗಂಡನ ಬಾಯಲ್ಲಿ ಕಡಿಮೆ ಎಂಬ ಮಾತು ಕೇಳಿ ಅವರು ಮೆಲ್ಲನೆ ಬೆಕ್ಕನ್ನು ಕೆಳಗಿಳಿಸಿದರು. ಮೈದಾನದಲ್ಲಿ ರಾಕೆಟ್ ಹಾರಿದಾಗ ಎಲ್ಲರ ಕಣ್ಣೂ ಮೇಲಿತ್ತು. ಇವರು ಮಾತ್ರ ಕಳಚಿ ಬೀಳುವುದನ್ನೇ ನೋಡುತ್ತ ಕೈಮುಗಿದು ನಿಂತಿದ್ದರು. ಕೊಡೆಯ ಬಟ್ಟೆ ಅರಳಿತು. ಓಡಿಹೋಗಿ ಅದನ್ನು ತಂದು ಅಕ್ಕನ ಮಡಿಲಲ್ಲಿಟ್ಟರು. ಅಕ್ಕ ತಿರುಗಿಸಿ ತಿರುಗಿಸಿ ನೋಡಿ ಹೇಳಿದರು: “ಎಲ್ಲೂ ಮುರಿದಿಲ್ಲ ಕಣೋ. ಇನ್ನೊಂದ್ಸಲ ಹಾರಿಸು.”