ಹುಳದಪ್ಪನ ಸುಣ್ಣಕಲ್ಲಿನ ಗುಂಡಿ

ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಉಣ್ಣೆ ನೂಲಿಗೆ ಬಣ್ಣ ಹಾಕುತ್ತಿದ್ದರು. ಬೆರಳು ಎಷ್ಟು ತೊಳೆದರೂ ನೀಲಿ. ಹೋಗುವಾಗಲೂ ಆ ನೀಲಿ ಜೊತೆಗೇ ಹೋಯಿತು.

ಬಣ್ಣದ ಕಾರ್ಖಾನೆಯ ನೀರು ಹೊಳೆಗೆ ಬೀಳುವ ಜಾಗದಿಂದ ಸ್ವಲ್ಪ ಕೆಳಗೆ ನಮ್ಮ ಮನೆಯಿಂದ ನೀರಿಗಿಳಿಯುವ ಮೆಟ್ಟಿಲು. ಕಾರ್ಖಾನೆಗಿಂತ ಮೇಲ್ಗಡೆ ಹೊಳೆಯ ಕಲ್ಲುಕಲ್ಲಿಗೂ ಬಸವನಹುಳು. ನಮ್ಮ ಮೆಟ್ಟಿಲಲ್ಲಿ ಒಂದೂ ಇಲ್ಲ. ಇವರಿಗೆ ಅದೇ ಕೊರಗು. ಮಾಲೀಕರನ್ನು ಕಾಡಿ ಬೇಡಿ ಒಂದು ತೊಟ್ಟಿ ಕಟ್ಟಿಸಿದರು. ಬಣ್ಣವೆಲ್ಲ ತೊಟ್ಟಿಯ ತಳಕ್ಕೆ ಕೂತು ತಿಳಿನೀರು ಹೊರಬಂತು. ಖುಷಿಯಲ್ಲಿ ಮೇಲಿನಿಂದ ಹುಳು ತಂದು ಮೆಟ್ಟಿಲ ಬಳಿ ಬಿಟ್ಟರು. ಕೆಲವು ನೀರು ಬಿಟ್ಟು ಗೋಡೆ ಹತ್ತಿದವು. ಉಳಿದವುಗಳ ಚಿಪ್ಪು ತುದಿಯಿಂದ ಸವೆದು ಬಿಳಿಚಿಕೊಂಡಿತು. ಎಲ್ಲ ಸತ್ತವು.

"ನೀರು ಕನ್ನಡಿ ಥರ ಇದೆಯಲ್ಲೇ!" ಎಂದು ತಲೆ ಮೇಲೆ ಕೈ ಹೊತ್ತು ಕೂತರು. ಊಟಕ್ಕೆ ಕರೆದರೆ ಬರಲಿಲ್ಲ. ಆಮೇಲೆ ತಾವೇ ನಕ್ಕರು. "ಬಣ್ಣದೋನು ನೋಡು ನಾನು! ಬಣ್ಣ ಹೋದ್ರೆ ಎಲ್ಲಾ ಹೋಯ್ತು ಅಂದ್ಕೊಂಡೆ. ನೂಲಿಗೆ ಹಾಕಿದ ಆಸಿಡ್ ಎಲ್ಲಿಗೆ ಹೋಗುತ್ತೆ?"

ತೊಟ್ಟಿಯ ಮುಂದೆ ಗುಂಡಿ ತೋಡಿ ಸುಣ್ಣಕಲ್ಲಿನ ಚೂರು ತುಂಬಿದರು. ನೀರು ಅದರೊಳಗೆ ಹಾದು ಹುಳಿ ಕಳೆದುಕೊಂಡೇ ಹೊಳೆಗೆ ಹೋಗಬೇಕು. ಕಲ್ಲಿಗೆ ಕೆಸರು ಕಟ್ಟಿದಾಗೆಲ್ಲ ಇಳಿದು ಉಜ್ಜಬೇಕು. ಮತ್ತೆ ಹೊಸ ಹುಳು ತಂದು ಬಿಟ್ಟರು. ಜೊತೆ ಕೆಲಸದವರು ಇವರಿಗೆ ಹುಳದಪ್ಪ ಎಂದು ಹೆಸರಿಟ್ಟರು.

"ಏನ್ ಹುಳದಪ್ಪ, ಮಕ್ಕಳು ಸ್ಕೂಲಿಗೆ ಹೋದ್ವಾ?"

"ಆಗ್ಲೇ ಹೋದ್ವು. ನಿನ್ನಷ್ಟು ನಿಧಾನ ಅಲ್ಲಪ್ಪ ಅವು."

ಹೊಸ ಹುಳು ತಂದು ಬಿಟ್ಟರು. ಅವು ಬಾಳುತ್ತವೋ ಇಲ್ಲವೋ ನೋಡುವ ಮೊದಲೇ ಜ್ವರ ಬಂದು ಮಲಗಿದರು. ಏಳಲಿಲ್ಲ.

ಗುಂಡಿ ಮುಚ್ಚಿಸುತ್ತಾರೆ ಎಂಬ ಸುದ್ದಿ ಬಂತು. ಮಾಲೀಕರ ಹತ್ತಿರ ಹೋದೆ.

"ಅಲ್ಲಮ್ಮ, ಕಲ್ಲು ಉಜ್ಜೋರು ಯಾರು? ಅದೂ ಇಲ್ಲದ ಹುಳಕ್ಕೋಸ್ಕರ!"

"ಇದ್ರೆ?"

"ಇದ್ರೆ ತೋರ್ಸಿ. ಮುಚ್ಚಲ್ಲ."

ದಿನಾ ಮೆಟ್ಟಿಲ ಕಲ್ಲಿನ ಸಂದಿಯಲ್ಲಿ ಕೈ ಆಡಿಸಿದೆ. ಒಂದು ಬೆಳಗ್ಗೆ ಪಾತ್ರೆ ತೊಳೆಯುವಾಗ ಕೊನೆಯ ಮೆಟ್ಟಿಲ ಅಡಿಯಲ್ಲಿ ಏನೋ ಲೋಳೆ ತಾಗಿತು. ಬಗ್ಗಿ ನೋಡಿದೆ. ಗಾಜಿನಂಥ ಲೋಳೆಯೊಳಗೆ ಚುಕ್ಕಿಚುಕ್ಕಿ ಮೊಟ್ಟೆ. ಪಕ್ಕದಲ್ಲೇ ಹುಳು. ಚಿಪ್ಪು ತುದಿಯವರೆಗೂ ಗಟ್ಟಿ, ಕಂದು. ಮನೆ ಕಡೆ ತಿರುಗಿ "ರೀ" ಎಂದು ಕೂಗಿಬಿಟ್ಟೆ.

ಒದ್ದೆ ಸೀರೆಯಲ್ಲೇ ಕಾರ್ಖಾನೆಗೆ ನುಗ್ಗಿದೆ. ಮಾಲೀಕರು ಪ್ಯಾಂಟು ಮಡಚಿ ನೀರಿಗಿಳಿದರು. ಕೆಲಸದವರೆಲ್ಲ ಹಿಂದೆಯೇ ಬಂದರು.

"ಇದೇನಮ್ಮ, ಸಿಂಬಳ ಇದ್ದ ಹಾಗಿದೆ!" ಎಂದರು ಮಾಲೀಕರು.

"ಹುಳದಪ್ಪನ ಮೊಮ್ಮಕ್ಕಳು ಸ್ವಾಮಿ. ನೆಟ್ಟಗೆ ಮಾತಾಡಿ."

ಮೊದಲು ನಕ್ಕವರು ಮಾಲೀಕರೇ. ಗುಂಡಿ ಉಳಿಯಿತು.

ಈಗ ಕಲ್ಲು ಉಜ್ಜುವವರು ಅವತ್ತು ಹೆಸರಿಟ್ಟವರೇ. ನಾನು ದಡದ ಮೇಲೆ ನಿಂತು, "ಆ ಮೂಲೆ ಬಿಟ್ಯಲ್ಲೋ!" ಎಂದು ಕೂಗುತ್ತೇನೆ.