ತಡವಾಗಿ ತಿರುಗುವ ಮನುಷ್ಯ

ನಾನು ಬೈಲಹೊಂಗಲದಲ್ಲಿ ಮ್ಯಾಟ್ರಿಕ್ ಓದುತ್ತಿದ್ದ ವರ್ಷ ನನ್ನ ಕಾಕಾ, ಎಂದರೆ ಅಪ್ಪನ ತಮ್ಮ, ಮನೆಗೆ ಮರಳಿ ಬಂದ. ಯುದ್ಧದ ಕಾಲದಲ್ಲಿ ಸೈನ್ಯದ ಕಾರಕೂನನಾಗಿ ಬರ್ಮಾ ಕಡೆ ಹೋದವನು ಕಾಣೆಯಾಗಿದ್ದಾನೆ ಎಂದು ಒಂದು ಪತ್ರ ಬಂದಿತ್ತು. ಆಮೇಲೆ ಎಷ್ಟೋ ವರ್ಷ ಏನೂ ಸುದ್ದಿಯಿರಲಿಲ್ಲ. ಒಂದು ಮಧ್ಯಾಹ್ನ ಅಂಗಳದಲ್ಲಿ ತಗಡಿನ ಟ್ರಂಕು ಇಳಿಸಿ ನಿಂತ. ಅಜ್ಜಿ ಅವನ ಮುಖವನ್ನು ಎರಡೂ ಕೈಯಿಂದ ಸವರಿ ಒಳಗೆ ಕರೆದೊಯ್ದಳು. ಅಪ್ಪ ಮಾತ್ರ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದ.

ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಿದರೆ ಕಾಕಾ, "ದವಾಖಾನ್ಯಾಗ, ಆಮ್ಯಾಲೆ ಕಲಕತ್ತಾದ ಒಂದು ಛಾಪಖಾನ್ಯಾಗ," ಎನ್ನುತ್ತಿದ್ದ. ಅದರ ಮುಂದೆ ಒಂದು ಮಾತೂ ಇಲ್ಲ. ಅವನು ಹೋದಾಗ ನನಗೆ ಎಂಟು ವರ್ಷ. ಮುಖ ಸರಿಯಾಗಿ ನೆನಪಿರಲಿಲ್ಲ. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಅವನು ಜುಟ್ಟು ಬಿಟ್ಟ ಹುಡುಗ.

ಆಗ ನಾನು ಊರಿನ ವಾಚನಾಲಯದಿಂದ ಒಂದು ಮರಾಠಿ ಕಾದಂಬರಿ ತಂದಿದ್ದೆ. ಕೊಂಕಣದ ಒಂದು ಮನೆಯ ಮಗ ದೋಣಿ ಮುಳುಗಿ ಸತ್ತನೆಂದು ಎಲ್ಲರೂ ನಂಬಿರುತ್ತಾರೆ. ವರ್ಷಗಳ ಮೇಲೆ ಅವನು ಬಾಗಿಲಿಗೆ ಬರುತ್ತಾನೆ. ಬಂದದ್ದು ಮಗನಲ್ಲ, ಮಗನ ವೇಷ ತೊಟ್ಟ ಪಿಶಾಚಿ ಎಂದು ಲೇಖಕ ಎರಡನೆಯ ಪುಟದಲ್ಲೇ ಹೇಳಿಬಿಟ್ಟಿದ್ದ. ಮುಂದೆಲ್ಲ ಅದರ ಕಣ್ಣಿನ ಗುಳಿ, ಉಗುರು, ಕೊಳೆತ ಮೀನಿನ ನಾತ. ಅಜ್ಜಿ ಹತ್ತಿ ಬತ್ತಿ ಹೊಸೆಯುತ್ತ ಕೂತಾಗ ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವಳಿಗೆ ಹೆದರಿಕೆಯ ಬದಲು ನಗು ಬಂತು.

"ಇಷ್ಟು ನಾತ ಹೊಡೀಲಿಕ್ಕೆ ಹತ್ತಿದ್ರ ಹಡದ ತಾಯಿಗೆ ಗೊತ್ತಾಗಂಗಿಲ್ಲೇನ? ಮುಚ್ಚಿಡು ಅದನ್ನ."

ಕೆಲವು ತಿಂಗಳಲ್ಲಿ ಅದೇ ಕಾದಂಬರಿಯ ಸಿನಿಮಾ ಊರಿಗೆ ಬಂತು. ಹಳೆಯ ಹತ್ತಿ ಗೋದಾಮನ್ನೇ ಟಾಕೀಜು ಮಾಡಿದ್ದರು. ರವಿವಾರ ಮಧ್ಯಾಹ್ನದ ಆಟಕ್ಕೆ ಕಾಕಾ ನನ್ನನ್ನೂ ಅವ್ವನನ್ನೂ ಕರೆದುಕೊಂಡು ಹೋದ. ಅವನು ನಡುವೆ ಕೂತ, ನಾನು ಅವನ ಎಡಕ್ಕೆ, ಅವ್ವ ಬಲಕ್ಕೆ. ಯಂತ್ರದ ಬೆಳಕಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು.

ಪಿಶಾಚಿಯನ್ನು ನೋಡಿ ನಗಬೇಕೆಂದೇ ಹೋಗಿದ್ದೆ. ಪರದೆಯ ಮೇಲೆ ಪಿಶಾಚಿಯೇ ಬರಲಿಲ್ಲ. ಬಂದವನು ಸುಂದರ, ಮೃದು ಮಾತಿನವನು, ತಾಯಿ ಬಡಿಸಿದ್ದನ್ನು ಪ್ರೀತಿಯಿಂದ ಉಣ್ಣುವವನು. ಒಂದೇ ಒಂದು ವ್ಯತ್ಯಾಸವಿತ್ತು. ಯಾರಾದರೂ ಹೆಸರು ಹಿಡಿದು ಕರೆದರೆ ಒಂದು ಗಳಿಗೆ ತಡವಾಗಿ ತಿರುಗುತ್ತಿದ್ದ, ಕರೆದದ್ದು ತನ್ನನ್ನೇ ಎಂದು ನೆನಪು ಮಾಡಿಕೊಂಡವನಂತೆ. ಮೊದಲ ಸಲ ಯಾರ ಗಮನಕ್ಕೂ ಅದು ಬರಲಿಲ್ಲ. ಮೂರನೆಯ ಸಲ ನನ್ನ ಹಿಂದೆ ಕೂತ ಹೆಂಗಸು ಉಸಿರೆಳೆದುಕೊಂಡಳು. ಆಮೇಲೆ ಪರದೆಯ ಮೇಲಿನ ತಾಯಿ "ಬಾಳಾ" ಎಂದು ಮಗನನ್ನು ಕರೆಯಲು ಬಾಯಿ ತೆರೆದರೆ ಸಾಕು, ಇಡೀ ಗೋದಾಮು ಸುಮ್ಮನಾಗಿ ಕಾಯುತ್ತಿತ್ತು. ಅಲ್ಲಿ ಸಿನಿಮಾದವರು ಬಾಜಾ ಬಜಂತ್ರಿಯನ್ನೂ ನಿಲ್ಲಿಸಿಬಿಟ್ಟಿದ್ದರು. ತಾಯಿಗೆ ಏನೂ ಗೊತ್ತಿಲ್ಲ, ಅಕ್ಕರೆಯಿಂದ ಮತ್ತೆ ಮತ್ತೆ ಕರೆಯುತ್ತಾಳೆ. ಸಂಶಯ ಪಡುವ ಕೆಲಸವನ್ನು ಪೂರ್ತಿ ನಮಗೇ ಬಿಟ್ಟಿದ್ದರು. ಕಾದಂಬರಿಯವ ಎರಡನೆಯ ಪುಟದಲ್ಲಿ ಹೇಳಿ ಮುಗಿಸಿದ್ದನ್ನು ಇವರು ಕೊನೆಯವರೆಗೂ ಹೇಳಲಿಲ್ಲ. ಅದಕ್ಕೇ ಅಷ್ಟು ಹೆದರಿಕೆಯಾಯಿತೆಂದು ಈಗ ಅನಿಸುತ್ತದೆ. ಆಗ ಅದೆಲ್ಲ ತಿಳಿದಿರಲಿಲ್ಲ.

ನಡುವೆ ಒಂದು ಕಡೆ, ಅವನ ತಂಗಿ ಹಿಂದಿನಿಂದ ಹೋಗಿ ಬೇರೆ ಯಾವುದೋ ಹೆಸರಿನಿಂದ ಅವನನ್ನು ಕರೆಯುತ್ತಾಳೆ. ಅವನ ಹೆಗಲು ಅಲುಗಿತು. ಅಷ್ಟರಲ್ಲಿ ರೀಲು ಮುಗಿಯಿತು. ಅಲ್ಲಿ ಇದ್ದದ್ದು ಒಂದೇ ಯಂತ್ರ, ರೀಲು ಬದಲಾಯಿಸುವವರೆಗೆ ದೀಪ ಹಾಕುತ್ತಿದ್ದರು. ಬೆಳಕು ಬಂದಾಗ ನಾನು ಪಕ್ಕಕ್ಕೆ ತಿರುಗಿ, "ಕಾಕಾ," ಎಂದೆ.

ಅವನು ಖಾಲಿ ಪರದೆಯನ್ನೇ ನೋಡುತ್ತಿದ್ದ.

"ಕಾಕಾ."

ತಿರುಗಲಿಲ್ಲ. ಬಲಗಡೆಯಿಂದ ಅವ್ವ ನೀರು ಬೇಕೇನೆಂದು ಕೇಳಿದ ಮೇಲೆ ಅವನು ನಕ್ಕು, ನನ್ನ ಕಡೆಗೂ ನೋಡಿದ. "ಯಾಕವಾ, ಹಿಂಗ್ಯಾಕ ನೋಡ್ಲಿಕ್ಕೆ ಹತ್ತೀ?"

ಅಲ್ಲಿಂದ ಹದಿನೈದು ದಿನ ನಾನು ಅವನನ್ನು ಕಣ್ಣಿಟ್ಟು ಕಾಯ್ದೆ. ಬಾವಿಯ ಹತ್ತಿರ ಕರೆದೆ, ಅಟ್ಟದ ಮೆಟ್ಟಿಲಿಂದ ಕರೆದೆ. ಒಮ್ಮೆ ತಿರುಗುತ್ತಿದ್ದ, ಒಮ್ಮೆ ಇಲ್ಲ. ಅವನು ಹೊರಗೆ ಹೋದಾಗ ಟ್ರಂಕು ತೆಗೆದು ನೋಡಿದೆ. ಎರಡು ಅಂಗಿ, ಒಂದು ಬಂಗಾಲಿ ಪಂಚಾಂಗ, ಯಾವುದೋ ಔಷಧದ ಸಣ್ಣ ಬಾಟಲಿ. ನಮ್ಮ ಮನೆಯವನ ಟ್ರಂಕಿನಲ್ಲಿ ನಮ್ಮದೆನ್ನುವ ಒಂದು ವಸ್ತುವೂ ಯಾಕಿಲ್ಲ? ಯಾರೋ ದವಾಖಾನೆಯಲ್ಲಿ ನಮ್ಮ ಕಾಕಾನ ಪಕ್ಕ ಮಲಗಿದ್ದು, ಎಲ್ಲ ಕಥೆ ಕೇಳಿಕೊಂಡು ಬಂದಿರಬಹುದಲ್ಲ?

ಕೊನೆಗೆ ಒಂದು ದಿನ ನೇರವಾಗಿ ಕೇಳಿದೆ. ಅಪ್ಪನ ಹುಬ್ಬಿನ ಮೇಲೆ ಒಂದು ಗಾಯದ ಕಲೆ ಇತ್ತು. ಚಿಕ್ಕಂದಿನಲ್ಲಿ ಹಿರಿಯರ ಊರಾದ ಸಿರಸಂಗಿಯ ಮನೆಯ ಹಿಂದಿನ ಹುಣಸೆಮರದಿಂದ ಬಿದ್ದದ್ದು ಎಂದು ಅಪ್ಪನೇ ಹೇಳುತ್ತಿದ್ದ.

"ಕಾಕಾ, ಅಪ್ಪಗ ಆ ಕಲೆ ಹೆಂಗಾತು?"

ಅವನು ಸ್ವಲ್ಪ ಯೋಚಿಸಿ, "ಕಲ್ಲು ಬಡದು," ಎಂದ.

ಸಿಕ್ಕಿಬಿದ್ದ ಎಂದುಕೊಂಡೆ. ಮರುದಿನ ಊಟದ ಹೊತ್ತಿಗೆ ಕಾಕಾ ಇನ್ನೂ ಪೇಟೆಯಿಂದ ಬಂದಿರಲಿಲ್ಲ. ಅಪ್ಪ, ಅವ್ವ ಇಬ್ಬರ ಎದುರಿಗೆ ಎಲ್ಲವನ್ನೂ ಹೇಳಿದೆ. ಕರೆದರೆ ತಿರುಗದ್ದು, ಟ್ರಂಕು, ಕಲ್ಲು.

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಕಲ್ಲು ಅಂದ್ನ?"

"ಹೂಂ. ಮರದ ಮಾತ ಅವಗ ಗೊತ್ತಿಲ್ಲ."

"ಅವನೇ ಒಗದಿದ್ದವಾ ಆ ಕಲ್ಲು," ಎಂದ ಅಪ್ಪ. "ನಮ್ಮಪ್ಪ ಅವನ ಚರ್ಮಾ ಸುಲೀತಿದ್ದ. ಅದಕ್ಕ ನಾ ಮರದಿಂದ ಬಿದ್ದೆ ಅಂದೆ. ನಮ್ಮಿಬ್ಬರನ್ನ ಬಿಟ್ರ ಯಾರಿಗೂ ಗೊತ್ತಿಲ್ಲ, ನಿಮ್ಮಜ್ಜಿಗೂ ಹೇಳಿಲ್ಲ." ಎಡಗೈಯಿಂದ ಕಣ್ಣು ಒರೆಸಿಕೊಂಡ. ಅಪ್ಪನೂ ಇಷ್ಟು ದಿನ ಸಂಶಯದಲ್ಲೇ ಇದ್ದ, ಕೇಳುವ ಧೈರ್ಯವಾಗಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ನಾನು ಹಟ ಬಿಡಲಿಲ್ಲ. "ಹಂಗಾರ ಕರದ್ರ ಯಾಕ ತಿರುಗಂಗಿಲ್ಲ?"

"ಎಡಗಿವಿ ಕೇಳಸಂಗಿಲ್ಲವಾ," ಎಂದಿತು ಹಿತ್ತಲ ಬಾಗಿಲಿನಿಂದ ಒಂದು ದನಿ. ಕಾಕಾ ಕಾಲು ತೊಳೆದುಕೊಂಡು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. "ಬಾಂಬ್ ಹತ್ರನ ಬಿದ್ದಿತ್ತು. ಸಾಲಿ ಮಾಸ್ತರ ನೌಕರಿಗೆ ಅರ್ಜಿ ಹಾಕೇನಿ, ಕಿವಿ ಇಲ್ಲಂದ್ರ ಕೊಡಂಗಿಲ್ಲ ಅಂತ ಯಾರಿಗೂ ಹೇಳಲಿಲ್ಲ. ನಿಮ್ಮಜ್ಜಿಗೆ ಅಷ್ಟ ಗೊತ್ತದ."

ಸಿಟ್ಟು ಮಾಡಲಿಲ್ಲ. ಕೂತು ಉಂಡ. ಅವ್ವ ಎರಡು ಸಲ ತುಪ್ಪ ಬಡಿಸಿದಳು. ಎಂಟು ದಿನದ ಮೇಲೆ ರಾಮದುರ್ಗದಲ್ಲಿ ಕೆಲಸ ಸಿಗುತ್ತದೆ ಎಂದು ಹೇಳಿ ಟ್ರಂಕು ಎತ್ತಿಕೊಂಡು ಹೋದ. ಅಪ್ಪ ಬಸ್ಸಿನವರೆಗೂ ಹೋಗಿ ತಡೆದ, ಅವನು ಕೇಳಲಿಲ್ಲ. ಅಜ್ಜಿ ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. "ಕೇಳೂದಿದ್ರ ನನ್ನ ಕೇಳಬೇಕಾಗಿತ್ತು," ಎಂದಷ್ಟೇ ಹೇಳಿದಳು.

ನಾಲ್ಕು ವರ್ಷದ ನಂತರ ನಾನು ಸವದತ್ತಿಯಲ್ಲಿ ಶಾಲೆಯಲ್ಲಿ ಕಲಿಸುತ್ತಿದ್ದಾಗ ಒಂದು ಸೂಟಿಯ ದಿನ ರಾಮದುರ್ಗಕ್ಕೆ ಹೋದೆ. ಮಾಸ್ತರ ನೌಕರಿ ಸಿಗದ ಕಾಕಾ ಅಲ್ಲಿ ತಾಲೂಕು ಕಚೇರಿಯ ಎದುರಿನ ಕಟ್ಟೆಯ ಮೇಲೆ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ. ಚಹಾ ತರಿಸಿದ. ನಾನು ತಪ್ಪಾಯಿತೆಂದು ಹೇಳಲು ಬಾಯಿ ತೆರೆಯುತ್ತಿದ್ದಂತೆ ಕೈ ಎತ್ತಿ ತಡೆದ.

"ನಂದೂ ಒಂದ ಮಾತ ಕೇಳು. ಮನಿಗೆ ಬಂದ ಹೊಸದಾಗ ನಾನೂ ನಿಮ್ಮೆಲ್ಲಾರನ್ನೂ ಹಂಗ ನೋಡ್ತಿದ್ದೆ. ಅಣ್ಣನ ತಲಿ ನರತಿತ್ತು, ನಿಮ್ಮವ್ವನ ಮಾರಿ ಬ್ಯಾರೇನ ಆಗಿತ್ತು, ನೀ ಅಂತೂ ಗುರ್ತಾ ಸಿಗಲಿಲ್ಲ. ಊಟಕ್ಕ ಕೂತಾಗ ಅನಸ್ತಿತ್ತು, ಇವರು ಖರೇನ ನಮ್ಮವರೇನ? ನಾ ಬ್ಯಾರೆ ಯಾರದರೆ ಮನಿಗೆ ಬಂದೇನೇನು?"

ನಾನು ಚಹಾದ ಕಪ್ಪು ಕೆಳಗಿಟ್ಟೆ. ಅಷ್ಟರಲ್ಲಿ ಒಬ್ಬ ನೇಕಾರ ಬಂದು, ಪಕ್ಕದ ಮನೆಯವ ಗೋಡೆ ಸರಿಸಿದ್ದಾನೆ, ತಕರಾರು ಅರ್ಜಿ ಬೇಕು ಎಂದ. ಕಾಕಾ ಕಾಗದ ತೆಗೆದು, "ನೀವು ಕಣ್ಣಿಲೆ ನೋಡೀರೇನು, ಬರೇ ಸಂಶೇನೋ?" ಎಂದು ಕೇಳಿದ. ನೇಕಾರ ತಲೆ ಕೆರೆದುಕೊಂಡ. ನಾನು ಸವದತ್ತಿ ಬಸ್ಸಿನ ಹೊತ್ತಾಗುವವರೆಗೂ ಅಲ್ಲೇ ಕೂತಿದ್ದೆ.